ಪೇಷೆಂಟ್ ಕಡೆಯವರು

ಮಳವಳ್ಳಿ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೌರಕಾರ್ಮಿಕರ ಪೊರಕೆ ಸದ್ದು, ಟೀ ಅಂಗಡಿಯ ಸ್ಟೌವಿನ ಬುಸುಬುಸು ಬಿಟ್ಟರೆ ಬೇರೆ ಗದ್ದಲವಿಲ್ಲ. ಮಂಡ್ಯಕ್ಕೆ ಹೊರಡುವ ಮೊದಲ ಬಸ್ಸಿನ ಮೆಟ್ಟಿಲ ಬಳಿ ನೀಲಿ ಸೀರೆಯ ಎತ್ತರದ ಹೆಂಗಸೊಬ್ಬರು ವಯಸ್ಸಾದವರೊಬ್ಬರ ಕಂಕುಳಿಗೆ ಕೈಕೊಟ್ಟು ಹತ್ತಿಸುತ್ತಿದ್ದಾರೆ. ವಯಸ್ಸಾದವರ ಎಡಗಾಲಿಗೆ ಬ್ಯಾಂಡೇಜು. ಅದು ಮಂಜಿಗೆ ನೆನೆಯದಿರಲೆಂದು ಮೇಲೊಂದು ಪ್ಲಾಸ್ಟಿಕ್ ಕವರು ಕಟ್ಟಿದೆ.

"ಮೊದ್ಲು ಒಳ್ಳೆ ಕಾಲಿಕ್ಕು. ಅದಲ್ಲ ಕಣಮ್ಮೋ, ಈ ಕಾಲು. ಆಂ, ಅಂಗೆ."

"ಇಕ್ತೀನಿ ಇರೇ. ಬಸ್ಸೇನ್ ಓಡೋಯ್ತದಾ?"

"ಓಡೋಗಕ್ಕೇ ನಿಂತಿರದು ಅದು."

ಇಬ್ಬರೂ ನಗುತ್ತಾರೆ. ಕಿಟಕಿ ಪಕ್ಕದ ಸೀಟಿನಲ್ಲಿ ಹಿರಿಯರನ್ನು ಕೂರಿಸಿ, ಕಾಲು ಚಾಚಲು ಎದುರಿಗೆ ತನ್ನ ಚೀಲವನ್ನಿಟ್ಟು ನೀಲಿ ಸೀರೆಯವರು ಪಕ್ಕದಲ್ಲಿ ಕೂರುತ್ತಾರೆ. ಕಂಡಕ್ಟರ್ ಬಂದು, "ಎಲ್ಡು ಮಂಡ್ಯ ಅಲ್ವೇನಕ್ಕ?" ಎಂದು ಹೆಂಗಸರಿಗಿರುವ ಉಚಿತ ಟಿಕೆಟ್ ಎರಡು ಕೊಟ್ಟು ಮುಂದೆ ಹೋಗುತ್ತಾರೆ. ಆಧಾರ್ ಕಾರ್ಡು ತೋರಿಸಿ ಎನ್ನುವುದಿಲ್ಲ.

"ಇಂವ ಒಬ್ಬ ಕೇಳಲ್ಲ," ಎನ್ನುತ್ತಾರೆ ಆಕೆ ಟಿಕೆಟನ್ನು ಪರ್ಸಿಗೆ ಸೇರಿಸುತ್ತಾ. "ಮೊದಮೊದ್ಲು ದಿನಾ ಜಗಳವೇಯ. ಕಾರ್ಡ್ನಲ್ಲಿ ಗಂಡ್ ಅಂತ ಅದೆ, ನೀನ್ ನೋಡುದ್ರೆ ಸೀರೆ ಉಟ್ಟಿದ್ದೀಯಲ್ಲ ಅನ್ನೋರು. ಇಡೀ ಬಸ್ಸು ತಿರುಕ್ಕಂಡು ನೋಡದು. ಪಕ್ಕದಲ್ಲಿ ಜ್ವರ ಬಂದೋರ್ನ ಕೂರುಸ್ಕಂಡು ನಾನು ನ್ಯಾಯ ಒಪ್ಪುಸ್ಬೇಕು."

ಇವರು ಅರುಂಧತಿ. ವಯಸ್ಸು ನಲವತ್ತೈದರ ಆಸುಪಾಸು. ಪಕ್ಕದಲ್ಲಿ ಆಗಲೇ ತೂಕಡಿಸುತ್ತಿರುವವರು ಚಿಕ್ಕಮಾದಮ್ಮ. ತಾಲ್ಲೂಕಿನ ಮಂಗಳಮುಖಿಯರಲ್ಲೆಲ್ಲ ಹಿರಿಯರು, ಎಪ್ಪತ್ತು ದಾಟಿದವರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯುತ್ತಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು. ಅಷ್ಟು ದೂರ ಒಬ್ಬರೇ ಹೋಗಲಾರರು. ಹೋದರೂ ಆಸ್ಪತ್ರೆಯ ಬಾಗಿಲು ದಾಟಲು ಅವರಿಗೆ ಹೆದರಿಕೆ. ಹಾಗಾಗಿ ಅರುಂಧತಿ ಜೊತೆಗಿದ್ದಾರೆ.

ಅರುಂಧತಿಯ ಕೆಲಸವೇ ಜೊತೆಗಿರುವುದು. ಮಳವಳ್ಳಿ, ಮದ್ದೂರು ಕಡೆಯ ಮಂಗಳಮುಖಿಯರು, ಗಂಡಸರನ್ನೇ ಮೆಚ್ಚಿದ್ದನ್ನು ಮನೆಯಲ್ಲಿ ಹೇಳಿಕೊಳ್ಳಲಾರದ ಗಂಡಸರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವವರು, ಇವರಲ್ಲಿ ಯಾರಿಗೆ ಹುಷಾರು ತಪ್ಪಿದರೂ ಫೋನು ಬರುವುದು ಅವರಿಗೆ. ಕರೆದುಕೊಂಡು ಹೋಗುತ್ತಾರೆ, ಸಾಲಿನಲ್ಲಿ ನಿಲ್ಲಿಸುತ್ತಾರೆ, ಡಾಕ್ಟರ ಮುಂದೆ ಬಾಯಿ ಬಿಡದವರ ಪರವಾಗಿ ಮಾತಾಡುತ್ತಾರೆ, ಸಂಜೆಯೊಳಗೆ ಮನೆ ಸೇರಿಸುತ್ತಾರೆ. ವಾರದ ಹೆಚ್ಚು ಬೆಳಗುಗಳು ಈ ಬಸ್ಸಿನಲ್ಲೇ ಆಗುತ್ತವೆ. ಹಿಂದೆ ಒಂದು ಸಂಸ್ಥೆಯ ಯೋಜನೆಯಲ್ಲಿ ಅವರು ಕ್ಷೇತ್ರ ಕಾರ್ಯಕರ್ತೆಯಾಗಿದ್ದರು. ಗೌರವಧನ ಬರುತ್ತಿತ್ತು. ಯೋಜನೆ ನಿಂತು, ಕಚೇರಿಗೆ ಬೀಗ ಬಿದ್ದು ಕೆಲವು ವರ್ಷಗಳಾದವು. ಈಗ ಮಧ್ಯಾಹ್ನದ ಮೇಲೆ ಇದೇ ನಿಲ್ದಾಣದ ಮೂಲೆಯಲ್ಲಿ ಕನಕಾಂಬರ, ಕಾಕಡ ಕಟ್ಟಿ ಮಾರುವುದೇ ಜೀವನೋಪಾಯ.

"ಪ್ರಾಜೆಕ್ಟ್ ಮುಗೀತು ಅಂತ ಆಪೀಸ್ನೋರ್ಗೆ ಗೊತ್ತಾಯ್ತು. ಕಾಯ್ಲೆಗೆ ಗೊತ್ತಾಗ್ಲಿಲ್ವಲ್ಲ," ಎನ್ನುತ್ತಾರೆ.

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಸುವ ಕಡೆ ಎರಡು ಸಾಲು. ಒಂದು ಗಂಡಸರದು, ಒಂದು ಹೆಂಗಸರದು. ಮೊದಲ ಸಲ ಬಂದವರು ಈ ಎರಡು ಸಾಲುಗಳ ನಡುವೆಯೇ ಸಿಕ್ಕಿಕೊಂಡು ನಿಂತುಬಿಡುತ್ತಾರೆ. ಎಷ್ಟೋ ಮಂದಿ ಅಲ್ಲಿಂದಲೇ ವಾಪಸ್ ಹೋಗಿದ್ದೂ ಇದೆ. ಚಿಕ್ಕಮಾದಮ್ಮ ಕೂಡ ಇಷ್ಟು ಸಲ ಬಂದರೂ ಅಲ್ಲಿಗೆ ಬಂದ ತಕ್ಷಣ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ.

"ಎಂಗುಸ್ರ ಸಾಲ್ನಲ್ಲಿ ನಿಂತ್ಕೊ. ಯಾರಾರ ಏನಾರ ಅಂದ್ರೆ ಅವ್ರ ಮಕ ನೋಡ್ಬ್ಯಾಡ, ನನ್ ಮಕ ನೋಡು," ಎಂದು ಅರುಂಧತಿ ಅವರ ಬೆನ್ನಿಗೆ ಕೈಯಿಟ್ಟು ನಿಲ್ಲುತ್ತಾರೆ. ಹಿಂದೆ ನಿಂತ ಹೆಂಗಸೊಬ್ಬರು ಒಂದು ಕ್ಷಣ ನೋಡಿ, "ಅಜ್ಜೀಗ್ ಕಾಲ್ ನೋವಾ? ಮುಂದಕ್ ಓಗ್ಲಿ ಬುಡಿ," ಎಂದು ಜಾಗ ಬಿಡುತ್ತಾರೆ. ಎಲ್ಲ ದಿನವೂ ಹೀಗೆಯೇ ಇರುತ್ತದೆ ಎಂದಲ್ಲ. ಇವತ್ತು ಒಳ್ಳೆಯ ದಿನ.

ಡ್ರೆಸ್ಸಿಂಗ್ ಕೋಣೆಯಿಂದ ನರ್ಸು ತಲೆ ಹೊರಹಾಕಿ ಕೂಗುತ್ತಾರೆ: "ಚಿಕ್ಕಮಾದಮ್ಮ! ಪೇಷೆಂಟ್ ಕಡೆಯವರು ಯಾರು?"

ಅರುಂಧತಿಯ ಕೈ ತಾನೇ ತಾನಾಗಿ ಮೇಲಕ್ಕೆ ಹೋಗುತ್ತದೆ.

ಆಸ್ಪತ್ರೆಗೆ ಹೋದವರಿಗೆಲ್ಲ ಈ ಮಾತು ಗೊತ್ತು. ಔಷಧಿ ತರಲು, ರಕ್ತಕ್ಕೆ ಓಡಲು, ಆಪರೇಷನ್ನಿಗೆ ಸಹಿ ಹಾಕಲು ಒಬ್ಬರು ಬೇಕು. ಮನೆಯಿಂದ ಹೊರಹಾಕಲ್ಪಟ್ಟವರಿಗೆ ಆ ಒಬ್ಬರು ಎಲ್ಲಿಂದ ಬರಬೇಕು? "ನೀವು ಪೇಷೆಂಟಿಗೆ ಏನಾಗಬೇಕು?" ಎಂದು ಕೇಳಿದರೆ ಅರುಂಧತಿ ವಯಸ್ಸು ನೋಡಿ ಉತ್ತರ ಕೊಡುತ್ತಾರೆ. ಹಿರಿಯರಿಗೆ ಮಗಳು, ಓರಗೆಯವರಿಗೆ ಅಕ್ಕ, ಚಿಕ್ಕವರಿಗೆ ಚಿಕ್ಕವ್ವ.

"ನಂಗೆ ನೆಂಟ್ರೋ ನೆಂಟ್ರು. ಮದ್ದೂರ್ನಲ್ಲಿ ಇಬ್ರು ತಮ್ಮಂದ್ರು, ಸೋಮನಹಳ್ಳೀಲಿ ಒಬ್ಳು ತಂಗಿ, ಮುತ್ತತ್ತಿ ತಾವು ಒಬ್ಬ ಮಗ. ಎಲ್ಲಾ ಆಸ್ಪತ್ರೇಲ್ ಆದೋರು," ಎಂದು ನಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳುತ್ತಾರೆ: "ಒಡುಟ್ಟಿದೋರ ಮಾತು ಬ್ಯಾರೆ."

ಅರುಂಧತಿ ಹುಟ್ಟಿದ್ದು ಬೆಳಕವಾಡಿ ಪಕ್ಕದ ಒಂದು ಹಳ್ಳಿಯಲ್ಲಿ. ತಂದೆ ಮಾದಯ್ಯ ನೀರುಗಂಟಿ. ಹೆಗಲ ಮೇಲೆ ಗುದ್ದಲಿ ಹೊತ್ತು, ನಾಲೆಯಿಂದ ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೋ ಬಿಟ್ಟು ಬರುವುದು ಅವರ ಕೆಲಸ. ತಾಯಿ ದೇವಿರಮ್ಮ ಕೂಲಿಗೆ ಹೋಗುತ್ತಿದ್ದರು. ಸುತ್ತಲ ಊರಿನಲ್ಲಿ ಎಲ್ಲಿ ಮದುವೆಯಾದರೂ ಸೋಬಾನೆ ಪದ ಹೇಳಲು ದೇವಿರಮ್ಮನನ್ನು ಕರೆಯಬೇಕು, ಅಷ್ಟು ಒಳ್ಳೆಯ ಕಂಠ. ಅವರ ಹಿರಿಯ ಮಗು ಸೆರಗು ಹಿಡಿದುಕೊಂಡೇ ಹೋಗಿ, ಹಸೆಯ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ತಾನೂ ದನಿಗೂಡಿಸುತ್ತಿತ್ತು. ಚಿಕ್ಕ ಮಗು ಹಾಡಿದರೆ ಎಲ್ಲರಿಗೂ ಚೆಂದ. ಕೆನ್ನೆ ಹಿಂಡಿ ಬೆಲ್ಲ ಕೊಡುತ್ತಿದ್ದರು.

"ಮೀಸೆ ಬರೋ ವಯಸ್ಸಾಯ್ತಲ್ಲ, ಆಗ ಸುರುವಾಯ್ತು," ಎನ್ನುತ್ತಾರೆ ಅರುಂಧತಿ. "ಅದೇ ಎಂಗುಸ್ರು, ಅದೇ ಪದ. ನಾನ್ ಓಗ್ ಕೂತ್ರೆ ದೂರ ಸರ್ಕೊಳೋರು. ಒಂದಿನ ತಮ್ಮ ಬಂದು ಎಲ್ಲಾರ್ ಮುಂದೆ ರಟ್ಟೆ ಇಡ್ದು ಎಳ್ಕೊಂಡೋದ. ಪದ ಅರ್ಧಕ್ಕೇ ನಿಂತೋಯ್ತು. ಅವ್ವನೂ ಬಾಯ್ ಮುಚ್ಕಂಡ್ಳು."

ಆ ತಮ್ಮ ಚಲುವರಾಜು, ಅರುಂಧತಿಗಿಂತ ಎರಡು ವರ್ಷ ಚಿಕ್ಕವರು. ಮುಂದೆ ಅವರನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಮನೆಯಲ್ಲಿ ಇಂಥವರೊಬ್ಬರು ಇದ್ದಾರೆಂದು ತಿಳಿದು ಎದ್ದುಹೋದರು. ಎರಡನೇ ಸಲವೂ ಹಾಗೇ ಆಯಿತು. "ನೀನ್ ಇರೋಗಂಟ ನಂಗ್ಯಾರೂ ಎಣ್ ಕೊಡಲ್ಲ," ಎಂದು ತಮ್ಮ ಅತ್ತದ್ದನ್ನು ಅರುಂಧತಿ ಇವತ್ತಿಗೂ ಕೋಪದಿಂದ ಹೇಳುವುದಿಲ್ಲ. "ಅವ್ನ್ ಅತ್ತಿದ್ದು ನಿಜವೇಯ. ನಾನೇ ಒಂಟೋದೆ," ಎನ್ನುತ್ತಾರೆ. ಅಪ್ಪ ನೀರು ಬಿಡಲು ಹೋಗಿದ್ದ ಹೊತ್ತು ನೋಡಿ ಬೆಂಗಳೂರಿನ ಬಸ್ಸು ಹತ್ತಿದರು. ಮನೆಯಲ್ಲಿ ಇಟ್ಟಿದ್ದ ಗಂಡು ಹೆಸರನ್ನು ಅವತ್ತೇ ಬಿಟ್ಟರು. ಆ ಹೆಸರು ಯಾವುದು ಎಂದು ಕೇಳಿದರೆ, "ಬ್ಯಾಡ ಬುಡಿ ಅದು," ಎಂದು ಕೈಯಾಡಿಸುತ್ತಾರೆ.

ಬೆಂಗಳೂರಿನಲ್ಲಿ ಸಿಗ್ನಲ್ಲುಗಳಲ್ಲಿ ಕೈ ತಟ್ಟಿ ಬೇಡಿದ ವರ್ಷಗಳು, ಅದಕ್ಕಿಂತ ಕಷ್ಟದ ವರ್ಷಗಳು ಕಳೆದವು. ಅಲ್ಲಿ ಸಿಕ್ಕವರು ವನಜಾ. ಸೋಮನಹಳ್ಳಿ ಕಡೆಯವರು. ಇಬ್ಬರ ಮಾತೂ ಒಂದೇ, ಊಟವೂ ಒಂದೇ. ಮುದ್ದೆ, ಬಸ್ಸಾರು ನೆನೆಸಿಕೊಂಡು ಇಬ್ಬರೂ ಒಟ್ಟಿಗೆ ಅಳುತ್ತಿದ್ದರಂತೆ. ಕೊನೆಗೊಂದು ದಿನ ಊರಿಗಲ್ಲದಿದ್ದರೂ ಊರಿನ ಹತ್ತಿರಕ್ಕಾದರೂ ಹೋಗೋಣವೆಂದು ಮಳವಳ್ಳಿಗೆ ಬಂದು ಒಂದು ಕೋಣೆ ಬಾಡಿಗೆಗೆ ಹಿಡಿದರು.

ಹುಟ್ಟಿದ ಊರು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅರುಂಧತಿ ಹೋಗಲಿಲ್ಲ. ಅಪ್ಪ ತೀರಿಕೊಂಡ ಸುದ್ದಿಯೂ ತಿಥಿ ಮುಗಿದ ಮೇಲೆ ಸಂತೆಯಲ್ಲಿ ಯಾರೋ ಹೇಳಿದಾಗಲೇ ತಿಳಿದದ್ದು. ಕೊಳ್ಳೇಗಾಲದ ಕಡೆ ಕೆಲಸವಿದ್ದಾಗ ಆ ಊರಿನ ಮೇಲೆ ಹೋಗುವ ಬಸ್ಸನ್ನೇ ಹತ್ತುತ್ತಿದ್ದರು.

"ಬಸ್ಸು ನಮ್ಮೂರ್ ಗೇಟ್ನಲ್ಲಿ ನಿಲ್ತದೆ. ನಾನ್ ಇಳಿಯಲ್ಲ. ಕಿಟಕೀಲಿ ನೋಡ್ತೀನಿ. ಅರಳಿ ಮರದ್ ಕೆಳಗೆ ಯಾರಾರ ಕೂತವ್ರಾ, ಅವ್ವ ಏನಾರ ಬುಟ್ಟಿ ಒತ್ಕಂಡು ಬತ್ತಾವ್ಳಾ ಅಂತ. ಅಷ್ಟ್ರಲ್ಲಿ ಕಂಡಕ್ಟ್ರು ವಿಸಿಲ್ ಊದ್ಬುಡ್ತಾನೆ." ಅಷ್ಟು ವರ್ಷಗಳಲ್ಲಿ ಆ ಕಿಟಕಿಯಿಂದ ಅವ್ವ ಒಂದು ಸಲವೂ ಕಾಣಲಿಲ್ಲ.

ವನಜಾ ಸತ್ತದ್ದು ಹೊಟ್ಟೆನೋವಿನಿಂದ. ಕರೆದುಕೊಂಡು ಹೋದದ್ದು ಒಂದು ಸಣ್ಣ ನರ್ಸಿಂಗ್ ಹೋಮಿಗೆ. ಅದೀಗ ಮುಚ್ಚಿಹೋಗಿದೆ, ಹೆಸರು ಹೇಳಲು ಅರುಂಧತಿಗೆ ಮನಸ್ಸಿಲ್ಲ. ಹೆಂಗಸರ ವಾರ್ಡಿಗೆ ಸೇರಿಸಲು ಹೋದರೆ ಅಲ್ಲಿದ್ದ ರೋಗಿಗಳ ಕಡೆಯವರು ಒಪ್ಪಲಿಲ್ಲ. ಗಂಡಸರ ವಾರ್ಡಿಗೆ ಹೋಗಲು ವನಜಾ ಒಪ್ಪಲಿಲ್ಲ. ಸ್ಟ್ರೆಚರನ್ನು ಮೆಟ್ಟಿಲ ಪಕ್ಕದಲ್ಲಿ ನಿಲ್ಲಿಸಿ ಮಾತು ಬೆಳೆಯಿತು. ಆಪರೇಷನ್ ಮಾಡಬೇಕು, ಮನೆಯವರ ಸಹಿ ಬೇಕು ಎಂದರು.

"ನೀನ್ಯಾರು ಅಂದ್ರು. ಫ್ರೆಂಡು ಅಂದೆ. ಫ್ರೆಂಡೆಲ್ಲ ಆಗಲ್ಲ, ಮನೆಯೋರ್ನ ಕರ್ಸು ಅಂದ್ರು. ಅವ್ಳು ನನ್ ಕೈ ಇಡ್ಕಂಡು, ಏನಂದ್ರು ಅಂತ ಕೇಳ್ತಾವ್ಳೆ. ಬತ್ತಾರೆ ಇರು ಅಂತೀನಿ. ಯಾರ್ ಬತ್ತಾರೆ?"

ಅಪೆಂಡಿಕ್ಸ್ ಎನ್ನುವ ಕರುಳಿನ ಬಾಲ ಒಳಗೇ ಒಡೆದಿತ್ತು. ಬೇರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ವ್ಯಾನಿನಲ್ಲಿ ವನಜಾ ಹೋದರು. ಬದುಕಿದ್ದಾಗ ಬರದ ಅಣ್ಣಂದಿರು ಆಮೇಲೆ ಬಂದರು. ಉದ್ದ ಕೂದಲನ್ನು ಕತ್ತರಿಸಿ, ಪ್ಯಾಂಟು ಶರ್ಟು ಹಾಕಿ, ಹುಟ್ಟಿದಾಗಿನ ಹೆಸರು ಹೇಳಿ ಬೆಂಕಿಯಿಟ್ಟರು. ಹತ್ತಿರ ಬರಬೇಡವೆಂದಿದ್ದರಿಂದ ಅರುಂಧತಿ ಕಬ್ಬಿನ ಗದ್ದೆಯ ಬದುವಿನ ಮೇಲೆ ದೂರದಲ್ಲಿ ನಿಂತಿದ್ದರು.

"ಸತ್ತಿದ್ದು ವನಜ. ಅವ್ರು ಸುಟ್ಟಿದ್ದು ಯಾರ್ನೋ," ಎನ್ನುತ್ತಾರೆ. ಅವರ ಕೋಣೆಯ ಗೋಡೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕದಲ್ಲೇ ವನಜಾ ಫೋಟೋ ಇದೆ. ತಲೆತುಂಬ ಮಲ್ಲಿಗೆ ಮುಡಿದ ಫೋಟೋ.

ಅದಾದ ಮೇಲೆ ಯಾರಿಗಾಗಿ ಹೋದರೂ ಅರುಂಧತಿ 'ಫ್ರೆಂಡು' ಎಂದದ್ದಿಲ್ಲ. ಕಾನೂನು ಬದಲಾಗಿದೆ, ತೀರ್ಪುಗಳು ಬಂದಿವೆ, ತಾನು ಹೆಣ್ಣೋ ಗಂಡೋ ಎಂದು ಹೇಳುವ ಹಕ್ಕು ಅವರವರದೇ ಎಂದಾಗಿದೆ. ಇದನ್ನೆಲ್ಲ ಅವರು ಸಂಸ್ಥೆಯ ತರಬೇತಿಯಲ್ಲಿ ಕಲಿತರು, ಸಿಕ್ಕವರಿಗೆಲ್ಲ ಹೇಳಿಕೊಟ್ಟರು. ಮೊದಮೊದಲು ಆಸ್ಪತ್ರೆಯಲ್ಲಿ ಅವರನ್ನು ಕಂಡರೆ ಜಗಳಕ್ಕೆ ಬಂದರು ಎನ್ನುತ್ತಿದ್ದವರೇ ಈಗ ಅವರಿಗಾಗಿ ಕಾಯುತ್ತಾರೆ. ಸ್ಟಾಫ್ ನರ್ಸ್ ನಯನ ಅವರಲ್ಲಿ ಒಬ್ಬರು.

"ಈಗ ನಾವು ಯಾವ ವಾರ್ಡು ಬೇಕು ಅಂತ ಪೇಷೆಂಟನ್ನೇ ಕೇಳ್ತೀವಿ," ಎನ್ನುತ್ತಾರೆ ನಯನ. "ದೊಡ್ಡ ವಿಷಯ ಏನಲ್ಲ, ಕೇಳೋದು ತಾನೇ. ಆದರೆ ಮೊದಲ ಸಲ ಕೇಳಿದಾಗ ಆ ಪೇಷೆಂಟು ಅತ್ತುಬಿಟ್ಟರು. ನನಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ."

ಕಳೆದ ವರ್ಷ ಯುಗಾದಿ ಕಳೆದ ಬಿಸಿಲಿನ ದಿನಗಳು. ಮದ್ದೂರಿನಿಂದ ಬಂದ ಒಬ್ಬರಿಗೆ ಕಫದ ಪರೀಕ್ಷೆ ಮಾಡಿಸಲು ಅರುಂಧತಿ ಆಸ್ಪತ್ರೆಯಲ್ಲಿದ್ದರು. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಒಂದು ಸ್ಟ್ರೆಚರ್ ನಿಂತಿತ್ತು. ಅವತ್ತು ಅಲ್ಲಿ ನಯನ ಅವರದೇ ಪಾಳಿ.

"ದೇವಿರಮ್ಮ! ದೇವಿರಮ್ಮನ ಕಡೆಯವರು ಯಾರಿದ್ದೀರಿ?"

ದೇವಿರಮ್ಮ ಎಂಬ ಹೆಸರಿನವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ. ಆದರೂ ಅರುಂಧತಿ ತಿರುಗಿ ನೋಡಿದರು. ಸ್ಟ್ರೆಚರಿನಿಂದ ಒಂದು ಒಣಗಿದ ಕೈ ಕೆಳಗೆ ಇಳಿಬಿದ್ದಿತ್ತು. ಮುಂಗೈಯಿಂದ ಮೊಣಕೈವರೆಗೆ ಹಸಿರು ಹಚ್ಚೆ. ಆ ಹಚ್ಚೆಯ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ನಿದ್ದೆ ಹೋಗುತ್ತಿದ್ದ ಮಗು ತಾನು.

ನಯನ ಎರಡನೇ ಸಲ ಕೂಗಿದರು. ಯಾರೂ ಬರಲಿಲ್ಲ.

"ಊರೋರ್ಗೆಲ್ಲ ಕೈ ಎತ್ತೋಳು ನಾನು. ಅವತ್ತು ಎತ್ತಕ್ಕಾಯ್ತಿಲ್ಲ. ಯಾರೋ ಕಟ್ಟಾಕ್ದಂಗೆ ಆಗೋಯ್ತು," ಎನ್ನುತ್ತಾರೆ ಅರುಂಧತಿ. ಮೂರನೇ ಸಲ ಕೂಗುವ ಹೊತ್ತಿಗೆ ಕಾಲುಗಳು ತಾವೇ ನಡೆದುಕೊಂಡು ಹೋಗಿದ್ದವು.

"ನಿಮ್ಮವರಾ? ಏನಾಗಬೇಕು?" ಎಂದು ನಯನ ವಾಡಿಕೆಯಂತೆ ಕೇಳಿದರು.

ಎಷ್ಟೋ ಜನಕ್ಕೆ ಮಗಳಾಗಿದ್ದ ಅರುಂಧತಿಯ ಬಾಯಿಂದ ಆ ಮಾತು ಹೊರಡಲಿಲ್ಲ. "ಊರೋರು," ಎಂದರು.

ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದಿತ್ತು. ಎಕ್ಸ್‌ರೇ ಕೋಣೆಗೆ ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ನೋವಿಗೆ ದೇವಿರಮ್ಮ ಸಿಕ್ಕ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾರವ್ವಾ ನೀನು?"

"ನಿಮ್ಮೂರ್ ಕಡೆಯೋಳೇ ಕಣಮ್ಮ."

"ಯಾರ್ ಮನೆ?"

ಹಳ್ಳಿಯಲ್ಲಿ ಯಾರನ್ನು ಕಂಡರೂ ಕೇಳುವ ಮಾತು ಅದು. ಅರುಂಧತಿ ಸ್ಟ್ರೆಚರ್ ತಳ್ಳುತ್ತಲೇ ಹೋದರು. ಉದ್ದದ ಓಣಿ ಮುಗಿದು ಎಕ್ಸ್‌ರೇ ಕೋಣೆಯ ಬಾಗಿಲು ಬಂತು. ಇನ್ನು ಒಳಗೆ ಬಿಡುವುದಿಲ್ಲ, ಕೈ ಬಿಡಿಸಿಕೊಳ್ಳಬೇಕು. ಆಗ ಬಾಗಿ, ತಾಯಿಯ ಕಿವಿಯ ಹತ್ತಿರ ಹೇಳಿದರು: "ನೀರ್ಗಂಟಿ ಮಾದಯ್ಯನ ಮನೇಳು."

ದೇವಿರಮ್ಮನ ಕಣ್ಣು ಅವರ ಮುಖದ ಮೇಲೆ ನಿಂತಿತು. ಹಣೆಯ ಬೊಟ್ಟು, ಮೂಗುಬೊಟ್ಟು, ಕಿವಿಯ ಓಲೆ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಹಿಡಿದ ಕೈಯನ್ನು ಬಿಡಲಿಲ್ಲ. ಎಕ್ಸ್‌ರೇಯವರೇ ಬಂದು ಬಿಡಿಸಬೇಕಾಯಿತು.

ಚೀಟಿ ಬರೆಸಲು ಹೋಗಿದ್ದ ಚಲುವರಾಜು ಅಷ್ಟರಲ್ಲಿ ವಾಪಸ್ ಬಂದರು. ತಲೆ ನರೆತಿತ್ತು, ಅಪ್ಪನ ಹಾಗೆಯೇ ಸ್ವಲ್ಪ ಬಾಗಿ ನಡೆಯುತ್ತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು.

"ನೀನ್ಯಾಕ್ ಬಂದೆ ಇಲ್ಲಿಗೆ?"

"ಬರ್ಲಿಲ್ಲ ಕಣಪ್ಪ. ಇಲ್ಲೇ ಇದ್ದೆ."

"ಓಗು. ಜನ ನೋಡ್ತಾವ್ರೆ."

ಅರುಂಧತಿ ಹೋದರು. ಎರಡು ದಿನ ಆಸ್ಪತ್ರೆಯ ಬೇರೆ ಕಡೆಗಳಲ್ಲೇ ಓಡಾಡಿಕೊಂಡು, ನಯನ ಅವರಿಂದ ಸುದ್ದಿ ತಿಳಿದುಕೊಳ್ಳುತ್ತಿದ್ದರು. ಆಪರೇಷನ್ ಆಯಿತು ಎಂದು ತಿಳಿಯಿತು. ಆದರೆ ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ. ಚಲುವರಾಜುವಿನ ಹೆಂಡತಿ ಊರಿನಲ್ಲಿ ಮಗಳ ಬಾಣಂತನದಲ್ಲಿದ್ದರು, ಹಸುಗೂಸನ್ನು ಬಿಟ್ಟು ಬರುವ ಹಾಗಿಲ್ಲ. ಹೆಂಗಸರೊಬ್ಬರನ್ನು ಕರೆಸಲೇಬೇಕು ಎಂದು ನಯನ ಪಟ್ಟು ಹಿಡಿದರು. ಚಲುವರಾಜು ಯಾರ್ಯಾರಿಗೋ ಫೋನು ಮಾಡಿದರು. ನೆಂಟರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಮೂರನೆಯ ದಿನ ಬೆಳಿಗ್ಗೆ ಚೀಟಿ ಸಾಲಿನ ಹತ್ತಿರ ಅರುಂಧತಿಯನ್ನು ಹುಡುಕಿಕೊಂಡು ಬಂದು, ಅವರ ಮುಖ ನೋಡದೆ, ಗೋಡೆ ನೋಡುತ್ತಾ ಹೇಳಿದರು:

"ಅವ್ವುಂಗೆ ಬೆಡ್‌ಪ್ಯಾನ್ ಇಕ್ಕೋರಿಲ್ಲ."

ಅಷ್ಟೇ ಮಾತು. ಅರುಂಧತಿ ಮಳವಳ್ಳಿಯ ಹೂವಿನ ವ್ಯಾಪಾರ ನೋಡಿಕೊಳ್ಳಲು ಪಕ್ಕದ ಅಂಗಡಿಯವರಿಗೆ ಫೋನಿನಲ್ಲೇ ಹೇಳಿ, ಹಾಗೇ ವಾರ್ಡಿಗೆ ನಡೆದರು. ವನಜಾಗೆ ಬಾಗಿಲು ತೆರೆಯದಂಥದ್ದೇ ಒಂದು ವಾರ್ಡಿನಲ್ಲಿ ಅವತ್ತು ಯಾರೂ ಅವರನ್ನು ತಡೆಯಲಿಲ್ಲ. "ಅರುಂಧತಿ ಬಂದರಲ್ಲ, ಸಾಕು," ಎಂದು ನಯನ ಮಂಚದ ಪಕ್ಕದ ಸ್ಟೂಲು ತೋರಿಸಿದರು.

ಹತ್ತಿರ ಹತ್ತಿರ ಎರಡು ವಾರ ಅವರು ಅಲ್ಲಿದ್ದರು. ಮೈ ಒರೆಸಿದರು, ತಲೆ ಬಾಚಿದರು, ರಾಗಿ ಅಂಬಲಿ ಆರಿಸಿ ಕುಡಿಸಿದರು. ಮೊದಲ ಎರಡು ಮೂರು ದಿನ ದೇವಿರಮ್ಮ ಬೇಕಾದ್ದನ್ನು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಆಮೇಲೊಂದು ಬೆಳಿಗ್ಗೆ, "ನೀರ್ ಕೊಡು ಮಗ," ಎಂದರು. ಈ ಕಡೆ ಮಗನೂ ಮಗ, ಮಗಳೂ ಮಗ. "ನನ್ನೇ ಕರುದ್ಲೋ, ಬುಟ್ಟೋದ್ ಗಂಡ್ ಮಗುನ್ನ ನೆನುಸ್ಕಂಡು ಕರುದ್ಲೋ, ನಂಗೊತ್ತಿಲ್ಲ. ನೀರ್ ಕೊಟ್ಟೆ," ಎನ್ನುತ್ತಾರೆ ಅರುಂಧತಿ.

ಒಂದು ಮಧ್ಯಾಹ್ನ ನೋವು ಜಾಸ್ತಿಯಾಗಿ ದೇವಿರಮ್ಮ ಹೊರಳಾಡುತ್ತಿದ್ದರು. ಮಾತ್ರೆಗೆ ಇನ್ನೂ ಹೊತ್ತಿತ್ತು. ಕಣ್ಣು ಮುಚ್ಚಿಕೊಂಡೇ, "ಒಂದ್ ಪದ ಯೋಳು," ಎಂದರು. ಅರುಂಧತಿ ಅತ್ತಿತ್ತ ನೋಡಿದರು. ವಾರ್ಡಿನ ತುಂಬ ಹೆಂಗಸರು. ತಗ್ಗಿದ ದನಿಯಲ್ಲಿ ಶುರುಮಾಡಿದರು. ಅವ್ವ ಹೇಳುತ್ತಿದ್ದ ಹಸೆಯ ಪದವೇ. ಎರಡನೇ ಸಾಲಿಗೆ ಪಕ್ಕದ ಮಂಚದಾಕೆ ದನಿ ಸೇರಿಸಿದರು, ಅದರಾಚೆಯ ಮುದುಕಿ ಮಲಗಿದಲ್ಲಿಂದಲೇ ರಾಗ ಎಳೆದರು. ಡ್ರಿಪ್ಪಿನ ಬಾಟಲಿ ಬದಲಿಸಲು ಬಂದ ನಯನ ಬಾಗಿಲಲ್ಲೇ ನಿಂತರು. ಪದ ಕೊನೆಯವರೆಗೂ ಹೋಯಿತು, ಯಾರೂ ಅರ್ಧಕ್ಕೆ ನಿಲ್ಲಿಸಲಿಲ್ಲ.

"ನಿಮ್ ಮಗಳಾ ಅಜ್ಜಿ?" ಎಂದು ಪಕ್ಕದ ಮಂಚದಾಕೆ ಕೇಳಿದರು.

ದೇವಿರಮ್ಮ ಕಣ್ಣು ತೆರೆದು ಹೇಳಿದರು: "ನಮ್ ಮನೇದು."

ಮಗಳು ಎನ್ನಲಿಲ್ಲ, ಮಗ ಎನ್ನಲಿಲ್ಲ. ಅರುಂಧತಿ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತರು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದರು.

ಡಿಸ್ಚಾರ್ಜ್ ಆದ ದಿನ ಚಲುವರಾಜು ಬಾಡಿಗೆಗೆ ಒಂದು ಓಮ್ನಿ ತಂದಿದ್ದರು. ಹಿಂದಿನ ಸೀಟಿನಲ್ಲಿ ಅವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳದಿಣ್ಣೆ ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದು ಅರುಂಧತಿ ಕೂತಿದ್ದರು. ಇವತ್ತು ಊರಿನ ಗೇಟಿನಲ್ಲಿ ತಾನೂ ಇಳಿಯುತ್ತೇನೇನೋ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತಂತೆ. ಮಳವಳ್ಳಿ ಸರ್ಕಲ್ ಬಂದಾಗ ಚಲುವರಾಜು ಗಾಡಿ ನಿಲ್ಲಿಸಿದರು.

"ಇಲ್ಲೇ ಇಳ್ಕೊ. ಕೂಸ್ಗೆ ಎಸ್ರಿಡೋ ಸಾಸ್ತ್ರ ಅದೆ, ಬೀಗ್ರು ಬತ್ತಾರೆ. ನೀನ್ ಬಂದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಬೈಗುಳದ ದನಿಯಾಗಿರಲಿಲ್ಲ ಅದು. ಹಳೆಯ ಹೆದರಿಕೆಯೇ ಇನ್ನೂ ಅಲ್ಲಿತ್ತು.

"ಆಯ್ತು ಕಣಪ್ಪ. ಕಾಲ್ ಕೆಳಗೆ ದಿಂಬು ಕೊಡು, ಕುಕ್ಕುಸ್ಬ್ಯಾಡ," ಎಂದು ಅರುಂಧತಿ ಇಳಿದರು. ಹಿಂದಿನ ಗಾಜಿನಲ್ಲಿ ಅವ್ವನ ಮುಖ ಬೆಳಕವಾಡಿ ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು.

ಅದಾದ ಮೇಲೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲು ಇದ್ದದ್ದು ಒಂದೇ ದಾರಿ, ಚೆಕಪ್ಪು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಚಲುವರಾಜು ತಾಯಿಯನ್ನು ಮಂಡ್ಯಕ್ಕೆ ಕರೆತರುತ್ತಿದ್ದರು. ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಕೂರಿಸಿ, "ಟೀ ಕುಡ್ದು ಬತ್ತೀನಿ," ಎಂದು ಹೋದರೆ ಬೇಗ ಬರುತ್ತಿರಲಿಲ್ಲ. ಒಂದು ಟೀ ಕುಡಿಯಲು ಅಷ್ಟು ಹೊತ್ತು ಬೇಕಿಲ್ಲವೆಂದು ಅರುಂಧತಿಗೆ ಗೊತ್ತು. ತಮ್ಮ ಮಾಡಬಲ್ಲದ್ದು ಅಷ್ಟೇ ಎಂದೂ ಗೊತ್ತು. ದೇವಿರಮ್ಮ ಸೀರೆಯ ಮಡಿಲಿಂದ ಒಂದು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು. ಒಂದು ಸಲ ಉಪ್‌ಸಾರಿನ ಖಾರ, ಒಂದು ಸಲ ಹುರುಳಿ ಕಾಳಿನ ಬಸ್ಸಾರು. ಹೆಚ್ಚು ಮಾತಿಲ್ಲ. ಯಾರ ಮನೆಯ ಹಸು ಕರು ಹಾಕಿತು, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಅಷ್ಟೇ. ಒಂದು ಸಲ ಅರುಂಧತಿಯ ಕೈಬಳೆಗಳನ್ನು ತಿರುಗಿಸಿ ನೋಡಿ, "ಕೆಂಪ್ಗಿಂತ ಅಸ್ರು ಬಳೆ ಚೆಂದ ಕಾಣ್ತವೆ ನಿಂಗೆ," ಎಂದರು. ಅವತ್ತಿನಿಂದ ಅವರ ಕೈಯಲ್ಲಿ ಹಸಿರು ಬಳೆ.

ಹೋದ ತಿಂಗಳು ಡಾಕ್ಟರು ದೇವಿರಮ್ಮನನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದರು. ಕೋಲು ಬಿಟ್ಟು ನಡೆದರು ದೇವಿರಮ್ಮ. ಚಲುವರಾಜು ಗೋಡೆಗೆ ಒರಗಿದ್ದರು. ಅರುಂಧತಿ ಬಾಗಿಲ ಹೊರಗೆ, ಪರದೆಯ ಪಕ್ಕದಲ್ಲಿದ್ದರು.

"ಮೂಳೆ ಚೆನ್ನಾಗಿ ಕೂಡಿದೆ ಅಜ್ಜಿ. ಇನ್ನು ನೀವು ಬರೋದೇನೂ ಬೇಡ," ಎಂದರು ಡಾಕ್ಟರು.

ಅರುಂಧತಿ ಎಷ್ಟೋ ಜನರ ವಿಷಯದಲ್ಲಿ ಈ ಮಾತಿಗಾಗಿ ಕಾದಿದ್ದಾರೆ. ಇದನ್ನು ಕೇಳಿ ಸಿಹಿ ಹಂಚಿದ್ದೂ ಇದೆ. ಅವತ್ತು ಮಾತ್ರ ಆ ಮಾತು ಬೇಡವಾಗಿತ್ತು ಎನ್ನುತ್ತಾರೆ. ವಾಸಿಯಾದ ಅವ್ವ ಇನ್ನು ಯಾಕೆ ಮಂಡ್ಯಕ್ಕೆ ಬರಬೇಕು?

ಚಲುವರಾಜು ಕೈಮುಗಿದು ಹೊರಡಲು ತಿರುಗಿದರು. ದೇವಿರಮ್ಮ ಹೊರಡಲಿಲ್ಲ. ಪರದೆಯ ಕಡೆ ಒಮ್ಮೆ ನೋಡಿ, ಸ್ಟೂಲಿನ ಮೇಲೆ ಮತ್ತೆ ಕೂತರು.

"ಇಲ್ಲ ಸ್ವಾಮಿ. ಇನ್ನೂ ನೋಯ್ತದೆ."

"ಎಲ್ಲಿ ನೋಯುತ್ತೆ?"

ದೇವಿರಮ್ಮ ತೊಡೆ ಮುಟ್ಟಿ ತೋರಿಸಿದರು.

"ಆಪರೇಷನ್ ಆಗಿದ್ದು ಆ ಕಾಲಲ್ಲವಲ್ಲ ಅಜ್ಜಿ."

"ಎಲ್ಡೂ ನೋಯ್ತವೆ," ಎಂದರು ದೇವಿರಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಡಾಕ್ಟರು ಅವರನ್ನು ನೋಡಿದರು. ಪರದೆಯ ಕೆಳಗೆ ಕಾಣುತ್ತಿದ್ದ ಸೀರೆಯ ಅಂಚನ್ನು ನೋಡಿದರು. "ಹಾಗಾದರೆ ಮುಂದಿನ ತಿಂಗಳು ಒಂದು ಸಲ ಬನ್ನಿ," ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಚಲುವರಾಜು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಚಿಕ್ಕಮಾದಮ್ಮನ ಡ್ರೆಸ್ಸಿಂಗ್ ಮುಗಿದು ಇಬ್ಬರೂ ಮಳವಳ್ಳಿಗೆ ಮರಳುವಷ್ಟರಲ್ಲಿ ಬಿಸಿಲು ಇಳಿದಿದೆ. ಗಾಯ ಈಗ ಕೆಂಪಗೆ ತುಂಬಿಕೊಂಡು ಬರುತ್ತಿದೆ, ಕಾಲು ಉಳಿಯುತ್ತದೆ ಎಂದಿದ್ದಾರೆ. ಅವರನ್ನು ಮನೆ ಸೇರಿಸಿ ಬಂದು ಅರುಂಧತಿ ಹೂವು ಕಟ್ಟಲು ಕೂರುತ್ತಾರೆ. ಮದ್ದೂರಿನಿಂದ ಫೋನು ಬರುತ್ತದೆ. ನಾಳೆಗೆ ಇನ್ನೊಬ್ಬರು. "ಬತ್ತೀನಿ, ಎದ್ರುಕೊಬ್ಯಾಡ. ಏನ್ ಕೇಳುದ್ರೂ ನಮ್ಮಕ್ಕ ಅವ್ಳೆ ಅಂತ ಯೋಳು," ಎಂದು ಫೋನಿಡುತ್ತಾರೆ.

ನಿಮಗೆ ಏನಾದರೂ ಆಸೆಯಿದೆಯೇ ಎಂದರೆ ಎರಡು ಮೊಳ ಹೂವು ಮುಗಿಯುವವರೆಗೂ ಬೆರಳುಗಳು ಆಡುತ್ತಲೇ ಇರುತ್ತವೆ.

"ನಮ್ಮವ್ವ ಸುಳ್ ಯೋಳೋಳಲ್ಲ. ಈ ವಯಸ್ನಲ್ಲಿ ನನ್ನಿಂದ ಕಲ್ತ್ಕಂಡ್ಳು," ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. "ಕಾಲ್ ನೋಯ್ತದೆ, ಕಾಲ್ ನೋಯ್ತದೆ ಅಂತ ಇನ್ನೆಷ್ಟ್ ಸಲ ಯೋಳಾಳು? ಮನೆಗ್ ಕರೀಲಿ ಅಂತ ನಾನ್ ಕೇಳಲ್ಲ. ಒಂದೇ ಒಂದ್ಸಲ, ಅರುಂಧತೀನ ನೋಡ್ಬೇಕು, ಕರ್ಕಂಡೋಗ್ಲಾ ಅಂತ ತಮ್ಮುಂಗೆ ಬಾಯ್ಬುಟ್ಟು ಯೋಳ್ಬುಟ್ಟು ಬರ್ಲಿ. ಅಷ್ಟ್ ಸಾಕು ನಂಗೆ."